ದೀಪ ಹಚ್ಚುವ ಹೊತ್ತಿನ ಪ್ರೊಜೆಕ್ಟರ್

ಅವ್ವನಿಗೆ ಟಿವಿಯ ಮೇಲೆ ಮೊದಲಿನಿಂದಲೂ ಸಿಟ್ಟು. ಅದರೊಳಗಿನ ಜನ ಗೇಣುದ್ದ ಇರುತ್ತಾರೆ, ಅಂಥವರು ಅತ್ತರೇನು, ನಕ್ಕರೇನು ಎಂಬುದು ಅವಳ ವಾದ. "ಟಾಕೀಸ್ನಾಗೆ ಹೀರೋಯಿನ್ ಅತ್ರೆ ಒಂದೊಂದು ಹನಿ ತೆಂಗಿನಕಾಯಿ ಗಾತ್ರ ಇರ್ತಿತ್ತು. ನಮಗೂ ಅಳಾಕೆ ಮನಸ್ಸು ಬರ್ತಿತ್ತು" ಎನ್ನುತ್ತಿದ್ದಳು. ಮಂಡಿನೋವು ಶುರುವಾದ ಮೇಲೆ ಅವಳು ಟಾಕೀಸಿನ ಮೆಟ್ಟಿಲು ಹತ್ತಿಲ್ಲ. ಆ ಗಾತ್ರದ ಕಣ್ಣೀರನ್ನು ಅವಳಿಗೆ ಇನ್ನೊಮ್ಮೆ ತೋರಿಸಲೇಬೇಕು, ಅದೂ ಚನ್ನಗಿರಿಯ ನಮ್ಮ ಮನೆಯಲ್ಲೇ ಪ್ರೊಜೆಕ್ಟರ್ ಹಾಕಿ, ಎಂದು ನನಗೆ ಹಟ ಹತ್ತಿತು. ನನಗೆ ಹಟ ಹತ್ತಿದರೆ ಮನೆಯವರಿಗೆಲ್ಲ ತಲೆನೋವು.

ನನ್ನದು ಬಟ್ಟೆ ಅಂಗಡಿ, ಪರದೆಗೇನೂ ಬರವಿರಲಿಲ್ಲ. ಯಾವ ಪ್ರೊಜೆಕ್ಟರ್ ಎಂದು ಗೊತ್ತಾಗುವ ಮೊದಲೇ ಹೆಂಡತಿ ಅಂಗಡಿಯಿಂದ ದಪ್ಪ ಬಿಳಿ ಬಟ್ಟೆ ತರಿಸಿ, ಅಂಚು ಹೊಲಿದು, ನಡುಮನೆಯ ಗೋಡೆ ತುಂಬ ಬಿಗಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ.

ತೊಡಕಿದ್ದದ್ದು ಹೊತ್ತಿನದು. ಹಗಲಲ್ಲಿ ನಡುಮನೆಗೆ ಬೆಳಕಿಂಡಿಯಿಂದ ಬಿಸಿಲು ಬೀಳುತ್ತದೆ. ರಾತ್ರಿ ಅವ್ವ ಮಾತ್ರೆ ನುಂಗಿ ಬೇಗ ಮಲಗುತ್ತಾಳೆ. ಉಳಿಯುವುದು ಮುಸ್ಸಂಜೆ, ಆಗ ಅವ್ವನ ಕಾನೂನೇ ಬೇರೆ. ದೇವರ ಮುಂದೆ ದೀಪ ಹಚ್ಚಬೇಕು, ಮನೆಯ ಲೈಟೆಲ್ಲ ಹಾಕಬೇಕು, ತಲೆಬಾಗಿಲು ತೆರೆದಿರಬೇಕು. ಅದು ಲಕ್ಷ್ಮಿ ಬರುವ ಹೊತ್ತು. ಮನೆ ಕತ್ತಲಾಗಿದ್ದರೆ ಅವಳು ಹಾಗೇ ಪಕ್ಕದ ಮನೆಗೆ ಹೋಗಿಬಿಡುತ್ತಾಳಂತೆ. ಪಕ್ಕದ ಮನೆಯವನೂ ಬಟ್ಟೆ ವ್ಯಾಪಾರಿ. ಹೀಗಾಗಿ ನಾನು ವಾದಕ್ಕೆ ಇಳಿಯಲಿಲ್ಲ.

ಮೊದಲು ಬಂದದ್ದು ಜಗಳೂರಿನ ಷಡ್ಡಕನ ಎಲ್‌ಇಡಿ ಪ್ರೊಜೆಕ್ಟರ್. ನನ್ನ ಹೆಂಡತಿಯ ತಂಗಿಯ ಗಂಡ ಈತ. ಅಗ್ಗಕ್ಕೆ ಕೊಂಡದ್ದನ್ನು ಹೊಗಳದಿದ್ದರೆ ಅವನಿಗೆ ಉಂಡದ್ದು ಅರಗುವುದಿಲ್ಲ. ಊಟದ ಡಬ್ಬಿಯಷ್ಟಿದ್ದ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಬಂದ. "ಬಲ್ಬ್ ಸುಡಂಗಿಲ್ಲ, ಕರೆಂಟ್ ತಿನ್ನಂಗಿಲ್ಲ, ಇನ್ನೇನು ಬೇಕ್ರಿ ಅಣ್ಣಾರೆ?" ಎಂದ. ಚಿತ್ರ ಕಾಣಬೇಕಿತ್ತು, ಅಷ್ಟೇ. ಟ್ಯೂಬ್‌ಲೈಟ್ ಹಾಕಿದೊಡನೆ ಪರದೆಯ ಹೀರೋ ಒಗೆದು ಒಗೆದು ಬಣ್ಣ ಬಿಟ್ಟ ಅಂಗಿಯಂತಾದ. ಡಬ್ಬದ ಮೇಲೆ ಸಾವಿರಗಟ್ಟಲೆ ಬರೆದಿದ್ದ ಬೆಳಕು ಡಬ್ಬದ ಮೇಲೆಯೇ ಉಳಿಯಿತು. "ಲೈಟ್ ಆರ್ಸಿ ನೋಡ್ರಿ, ಹೆಂಗೆ ಕಾಣ್ತೈತೆ ಅಂತ" ಎಂದ ಷಡ್ಡಕ. ಅವ್ವ ನೋಡಿದ ನೋಟಕ್ಕೆ ಅವನು ಟೀಯನ್ನೂ ಪೂರ್ತಿ ಕುಡಿಯಲಿಲ್ಲ.

ಹೊನ್ನಾಳಿಯ ಅಕ್ಕನ ಮನೆಯಲ್ಲಿ ಭಾವ ಲೇಸರಿನದು ತಂದಿದ್ದರು. ಗೋಡೆಯ ಪಕ್ಕದಲ್ಲೇ ಇಟ್ಟರೂ ಗೋಡೆ ತುಂಬ ಚಿತ್ರ. ಕಿಟಕಿ ತೆರೆದಿದ್ದರೂ ಕೆಂಪು ಕೆಂಪಾಗಿಯೇ, ಹಸಿರು ಹಸಿರಾಗಿಯೇ ಇತ್ತು. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯಿತು. ಬೆಲೆ ಕೇಳಿದೆ. ಆ ದುಡ್ಡಿಗೆ ಕರು ಸಮೇತ ಎಮ್ಮೆಗಳು ಬರುತ್ತವೆ. "ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕಪ್ಪಾ" ಎಂದು ಭಾವ ಬುದ್ಧಿ ಹೇಳಿದರು. ಅವರ ಮನೆಯ ಹಾಸಿಗೆ, ಹೊದಿಕೆ ಎಲ್ಲ ನನ್ನ ಅಂಗಡಿಯವೇ, ಅದೂ ರಿಯಾಯಿತಿಯಲ್ಲಿ!

ಕೊನೆಗೆ ನ್ಯಾಮತಿ. ಅಲ್ಲಿನ ಒಂದು ಕಲ್ಯಾಣ ಮಂಟಪದ ಮ್ಯಾನೇಜರ್ ನನ್ನ ಗಿರಾಕಿ. ಧಾರೆ ಎರೆಯುವುದನ್ನು ಊಟಕ್ಕೆ ಕೂತವರಿಗೆ ತೋರಿಸಲು ಅವರ ಬಳಿ ಬಲ್ಬಿನ ಪ್ರೊಜೆಕ್ಟರ್ ಒಂದಿತ್ತು. ಹೊಸ ದೊಡ್ಡ ಟಿವಿ ಬಂದ ಮೇಲೆ ಅದು ಮೂಲೆ ಸೇರಿತ್ತು. "ಹಳೇದು ರೀ, ಆದ್ರೆ ಬೆಳಕು ಗಟ್ಟಿ ಐತೆ. ಎಷ್ಟೋ ಮದುವೆ ಮಾಡ್ಸೈತೆ ಇದು" ಎಂದರು. ಬಲ್ಬು ಇಂದೋ ನಾಳೆಯೋ ಹೋಗಬಹುದು, ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತದೆ. ಆದರೂ ಟ್ಯೂಬ್‌ಲೈಟಿನಲ್ಲಿ ಮುಖ ಯಾರದೆಂದು ಗುರುತು ಸಿಗುತ್ತಿತ್ತು. ನನ್ನ ಬಜೆಟ್ಟಿಗೆ ಅಷ್ಟೇ ದಕ್ಕುವುದು. ಹೊತ್ತು ತಂದೆ.

ತಂದ ಮೇಲೆ ಗೊತ್ತಾಯಿತು, ಪರದೆ ತುಂಬಬೇಕಾದರೆ ಅದಕ್ಕೆ ಮಂಟಪದಷ್ಟು ದೂರ ಬೇಕು. ನಡುಮನೆ ಸಾಲದೆ ಹಿಂದೆ ಹಿಂದೆ ಸರಿಯುತ್ತ ಹೊಸ್ತಿಲು ದಾಟಿ, ಹೊರಗಿನ ಜಗಲಿಯ ಮೇಲೆ ಸ್ಟೂಲ್ ಹಾಕಿ ಕೂರಿಸಿದೆ. ತೆರೆದ ಬಾಗಿಲಿನಿಂದ ಬೆಳಕು ಒಳಗೆ ಹೋಗಿ ಪರದೆಗೆ ಬಿತ್ತು. ಬಾಗಿಲು ಮುಚ್ಚಬಾರದೆಂಬ ಅವ್ವನ ಕಾನೂನು ಮೊದಲ ಬಾರಿ ನನ್ನ ಪರವಾಯಿತು. ಆದರೆ ಬಾಗಿಲಿಗೆ ಬಂದವರೆಲ್ಲ ಪರದೆಯ ಮೇಲೂ ಬಂದರು.

ಮೊದಲ ಸಂಜೆ ಅವ್ವ ಒಳ್ಳೆಯ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಳು. ಅವಳೇ ಆರಿಸಿದ ಹಳೆಯ ಅಳುವ ಸಿನಿಮಾ. ಹಾಲಿನವಳು ಕ್ಯಾನ್ ಸಮೇತ ಹೀರೋನ ಎದೆಯ ಮೇಲೆ ನಿಂತಳು. ಪಕ್ಕದ ಮನೆಯ ವ್ಯಾಪಾರಿ ನೋಡಲು ಬಂದ. ಅವನ ಹೊಟ್ಟೆಯ ನೆರಳಿಗೆ ಹೀರೋಯಿನ್ನಿನ ಮದುವೆಯೇ ಮುಳುಗಿತು. "ಬಗ್ಗಿ ಬರ್ರಿ! ಕೂತ್ಕೊಳ್ರಿ!" ಎಂದು ಕಿರುಚಿ ಕಿರುಚಿ ನನ್ನ ಗಂಟಲು ಹೋಯಿತು.

ಅಳುವ ಘಟ್ಟ ಬಂತು. ಅವ್ವ ಮುಂದಕ್ಕೆ ಬಾಗಿ ನೋಡಿದಳು.

"ಕಣ್ಣೀರೆಲ್ಲಲೇ?"

"ಬರ್ತಾ ಐತವ್ವ. ಟ್ಯೂಬ್‌ಲೈಟ್ ಬೆಳಕಿಗೆ ಕಾಣಂಗಿಲ್ಲ, ಅಷ್ಟೇ."

ಅವಳು ಮತ್ತೆ ಕುರ್ಚಿಗೆ ಒರಗಿದಳು. ನನಗೆ ನಿಜಕ್ಕೂ ಬೇಸರವಾಯಿತು. ಊರೂರು ಸುತ್ತಿ ಗೇಣುದ್ದದ ಜನರನ್ನು ಆಳೆತ್ತರ ಮಾಡಿದ್ದೆ, ಅವರ ಒಂದು ಹನಿ ಕಣ್ಣೀರು ತೋರಿಸಲಾಗಲಿಲ್ಲ.

"ಒಂದೀಟು ನಿಲ್ಸು" ಎಂದ ಅವ್ವ, ಗೋಡೆ ಹಿಡಿದು ಎದ್ದಳು. ದೇವರ ಮನೆಗೆ ಹೋಗಿ ದೀಪಕ್ಕೆ ಎಣ್ಣೆ ಹೊಯ್ದು, ಬತ್ತಿ ಮುಂದೆ ಮಾಡಿದಳು. ವಾಪಸು ಬಂದು ತನ್ನ ಕೈಯಾರೆ ಟ್ಯೂಬ್‌ಲೈಟ್ ಆರಿಸಿದಳು. "ದೀಪ ಐತೆ, ಬಾಗಿಲು ತೆಗ್ದೈತೆ. ದಾರಿ ಕಾಣಾಕೆ ಅಷ್ಟು ಸಾಕು" ಎಂದಳು.

ಹೆಂಡತಿ ನನ್ನ ಕಿವಿಯಲ್ಲಿ, "ಹಂಗಾದ್ರೆ ಜಗಳೂರಿನ ಆ ಡಬ್ಬಿನೇ ಸಾಕಾಗ್ತಿತ್ತಲ್ರೀ?" ಎಂದಳು. ಫ್ಯಾನಿನ ಸದ್ದಿಗೆ ಕೇಳಿಸಲಿಲ್ಲವೆಂಬಂತೆ ಕೂತೆ.

ಅವ್ವ ಇನ್ನೂ ಕೂತಿರಲಿಲ್ಲ. ಅಡುಗೆಮನೆಯಿಂದ ಒಂದು ಮಣೆ ತಂದು, ಬಾಗಿಲಿನ ಒಳಗೆ, ಬೆಳಕಿಗೆ ಅಡ್ಡವಾಗದ ಹಾಗೆ ಒಂದು ಪಕ್ಕಕ್ಕೆ ಹಾಕಿದಳು.

"ಇದ್ಯಾರಿಗವ್ವ?"

"ಲಕ್ಷ್ಮಿಗೆ. ಬಂದೋಳು ಬಾಗಿಲಾಗೆ ನಿಂತ್ರೆ ನೀನು ಆಯಮ್ಮಗೂ ಕಿರುಚ್ತೀಯ. ಕೂತು ನೋಡ್ಲಿ. ಪಾಪ, ದಿನಾ ಮನೆ ಮನೆ ತಿರುಗೋಳು, ಯಾವಾಗ ಸಿನಿಮಾ ನೋಡಿರ್ತಾಳೆ?"

ಸಿನಿಮಾ ಹಿಂದಕ್ಕೆ ಸರಿಸಿ ಮತ್ತೆ ಹಾಕಿದೆ. ಕತ್ತಲಲ್ಲಿ ಆ ಹನಿ ಮೂಡಿತು, ತುಂಬಿತು, ಉರುಳಿತು. ತೆಂಗಿನಕಾಯಿಗಿಂತ ದೊಡ್ಡದೇ ಇತ್ತು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಳು. ಗಾಬರಿಯಾಗಿ, "ನಿಲ್ಸಲೇನವ್ವ?" ಎಂದೆ.

"ಸುಮ್ಕಿರಲೇ" ಎಂದಳು. "ಎಷ್ಟು ವರ್ಷ ಆಗಿತ್ತು. ಅಳಾಕೆ ಬಿಡು."