ಕಣ್ಣು ಕಟ್ಟಿದ್ದಾಗ ಕೇಳಿದ ಸಾಲು

ಬಿಳಿಯ ಅಂಗಿಗೆ ಹಳದಿ ದಾರ ಹಾಕಿ ಹೊಲಿದೆ. ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಹಾಗೆ. ನೇಸರಗಿಯಲ್ಲಿ ಮೂವತ್ತು ವರ್ಷ ಹೊಲಿಗೆಯಂತ್ರ ತುಳಿದವನು ನಾನು. ಗಿರಾಕಿ ಆ ಅಂಗಿಯನ್ನು ಬಿಸಿಲಿಗೆ ಹಿಡಿದು ತೋರಿಸಿದಾಗಲೂ ನನಗೆ ಬಟ್ಟೆ, ದಾರ ಎರಡೂ ಒಂದೇ ಬಣ್ಣವಾಗಿ ಕಂಡವು. ದಾರ ಮಾರಿದವನದೇ ತಪ್ಪು ಎಂದು ವಾದಿಸಿದೆ. ವಾರ ಕಳೆಯುವುದರೊಳಗೆ ಪುಸ್ತಕದ ಸಾಲುಗಳೂ ಒಂದರೊಳಗೊಂದು ಕಲೆಸಿಹೋದವು.

ಆಗ ಹೆದರಿದೆ.

ಶಾಲೆಯ ಮೆಟ್ಟಿಲನ್ನು ನಾಲ್ಕನೆಯ ಇಯತ್ತೆಯಲ್ಲೇ ಇಳಿದವನಿಗೆ ಉಳಿದ ವಿದ್ಯೆಯನ್ನೆಲ್ಲ ಕೊಟ್ಟದ್ದು ಪುಸ್ತಕ. ಶ್ರಾವಣ ಬಂದರೆ ಊರ ಮಠದಲ್ಲಿ ಪುರಾಣ ಓದುತ್ತಿದ್ದೆ. ಒಬ್ಬರು ಓದಬೇಕು, ಇನ್ನೊಬ್ಬರು ಅರ್ಥ ಹೇಳಬೇಕು ಎಂಬುದು ಪದ್ಧತಿ. ಇನ್ನೊಬ್ಬರು ಸಿಗದೆ ಎರಡನ್ನೂ ನಾನೇ ಮಾಡುತ್ತಿದ್ದೆ. ನಂಬಲಾಗದ ಮಾತು ಬಂದಾಗ ನಂಬಲಾರೆ ಎಂದು ಅಲ್ಲಿಯೇ ಹೇಳುತ್ತಿದ್ದೆ. ನನ್ನ ಕಣ್ಣು ಕೆಟ್ಟದ್ದಕ್ಕೆ ಊರಿಗೆ ಅಷ್ಟು ಕಾರಣ ಸಾಕಾಗಿತ್ತು.

"ಪುರಾಣದಾಗ ತಪ್ಪು ಹಿಡದ್ರಿ ಕಾಕಾ, ನೋಡ್ರಿ, ಕಣ್ಣಾಗ ಪರದೆ ಬಂತು," ಎಂದ ನೆರೆಮನೆಯ ಬಸಲಿಂಗ.

"ನಿನ್ನ ಎಮ್ಮಿ ಕಣ್ಣಾಗೂ ಪರದೆ ಬಂದೈತಲ್ಲೊ. ಅದು ಯಾವ ಪುರಾಣ ಓದಿತ್ತು?"

ಬೈಲಹೊಂಗಲದ ಡಾಕ್ಟರು ಟಾರ್ಚ್ ಹಿಡಿದು ನೋಡಿ, "ಕ್ಯಾಟರಾಕ್ಟ್ ಅಜ್ಜಾರ. ಆಪರೇಷನ್ ಮಾಡಬೇಕು," ಎಂದರು.

"ಮತ್ತ ಓದಾಕ ಬರತೈತೇನ್ರಿ?"

"ಈಗ ಹೇಳಾಕ ಬರೂದಿಲ್ರಿ. ಪರದೆ ತಗದ ಮ್ಯಾಲ ತಿಳೀತೈತಿ."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಆ ಮನುಷ್ಯನ ಮೇಲೆ ನನಗೆ ಅಂದೇ ವಿಶ್ವಾಸ ಹುಟ್ಟಿತು.

ಆಪರೇಷನ್ ಆದದ್ದು ಒಂದೇ ಕಣ್ಣಿಗೆ. ಬ್ಯಾಂಡೇಜ್ ಮಾತ್ರ ಎರಡಕ್ಕೂ. ತಲೆಯ ಎರಡೂ ಬದಿಗೆ ಉಸುಕಿನ ಚೀಲ. ಕೆಮ್ಮುವಂತಿಲ್ಲ, ಹೊರಳುವಂತಿಲ್ಲ. ವಾರ್ಡಿನಲ್ಲಿ ಅಲುಗಾಡದೆ ಮಲಗಿ ನಾನು ಓದಿದ್ದನ್ನೆಲ್ಲ ನೆನೆಯಲು ಹೋದರೆ ಅರ್ಧಕ್ಕೆ ತಪ್ಪುತ್ತಿತ್ತು. ತಪ್ಪಿದಲ್ಲಿಂದ ಮುಂದಕ್ಕೆ ಹೇಳುತ್ತಿದ್ದವಳು ನನ್ನ ಹೆಂಡತಿ ಗಂಗವ್ವ. ಅವಳಿಗೆ ಅಕ್ಷರ ಬಾರದು. ಮಠದ ಹೆಣ್ಣುಮಕ್ಕಳ ಸಾಲಿನಲ್ಲಿ ಕುಳಿತು ಕೇಳಿದ್ದಷ್ಟೇ ಅವಳ ಓದು.

ಮನೆಗೆ ಬಂದ ಮೇಲೆ ಕಣ್ಣಿಗೆ ಹಸಿರು ಬಟ್ಟೆಯ ಮರೆ. ಕನ್ನಡಕ ಆರು ವಾರದ ಬಳಿಕ. ಊರ ಹೊರಗೆ ಸಿನಿಮಾ ಟೆಂಟ್ ಬಂದಿತ್ತು. ಸಿನಿಮಾವನ್ನು ಸುಳ್ಳಿನ ಆಟವೆಂದು ನಾನು ಜರೆದಿದ್ದರಿಂದ ಗಂಗವ್ವ ಅದುವರೆಗೆ ಒಂದನ್ನೂ ನೋಡಿರಲಿಲ್ಲ. ಪುಸ್ತಕವಿಲ್ಲದ ಹಗಲು ಬಹಳ ಉದ್ದ. ಸೋತು ನಾನೇ ಹೇಳಿದೆ:

"ಹೋಗಿ ನೋಡಿ ಬಾ. ನನಗ ಬಂದು ಹೇಳು."

ಮರುದಿನ ಮಧ್ಯಾಹ್ನ ಶೇಂಗಾ ಸುಲಿಯುತ್ತ ಹೇಳತೊಡಗಿದಳು. "ಒಂದು ಹಾಡು ಮುಗಿಯೂದ್ರಾಗ ಮನಿ ಕಟ್ಟಿ ನಿಂದ್ರಿಸಿದ್ನರಿ ಆ ಹೀರೋ. ಮಣ್ಣು ಹೊತ್ತವರ ಹೆಸರೆಲ್ಲಿ?"

"ಏನಂದಿ?"

"ಪುರಾಣದಾಗ ಐತಲ್ರಿ. ರಾಜ ಕೆರಿ ಕಟ್ಟಿಸಿದ, ಮಣ್ಣು ಹೊತ್ತವರ ಹೆಸರೆಲ್ಲಿ, ಅಂತ."

"ಅಂಥಾ ಸಾಲು ಇಲ್ಲ."

"ಐತಿ."

"ಓದಿದಾವ ನಾನು."

"ಕೇಳಿದಾಕಿ ನಾನು. ಈಗ ಸುಮ್ಮನ ಕತಿ ಕೇಳ್ರಿ."

ಕಣ್ಣು ಹೋದಂದಿನಿಂದ ಮೊದಲ ಸಲ ನಕ್ಕೆ. ಟೆಂಟಿನಲ್ಲಿ ಆಟ ಬದಲಾದಾಗಲೆಲ್ಲ ಅವಳು ಹೋದಳು, ಬಂದು ಹೇಳಿದಳು. ನಾಯಕನ ಮಾತನ್ನು ಹೇಳುವಳು, ಒಪ್ಪದಿದ್ದರೆ ಅಲ್ಲಿಯೇ ನಿಂತು ಅವನನ್ನು ವಿಚಾರಿಸಿಕೊಳ್ಳುವಳು. ಯಾರ ಹೇಳಿಕೆಯನ್ನೂ ಪರೀಕ್ಷಿಸದೆ ಒಪ್ಪದ ನಾನು ಅಷ್ಟು ದಿನ ಲೋಕವನ್ನು ಅವಳೊಬ್ಬಳ ಬಾಯಿಂದಲೇ ಕೇಳಿದೆ, ಮಧ್ಯಾಹ್ನವಾಗುವುದನ್ನೇ ಕಾಯುವವನಾದೆ. ಆದರೂ ಆ ಸಾಲು ಒಳಗೆ ಕುಟುಕುತ್ತಲೇ ಇತ್ತು. ಇದೆಯೋ ಇಲ್ಲವೋ ನೋಡಬೇಕು. ನೋಡಲು ಕಣ್ಣು ಬೇಕು.

ಕನ್ನಡಕ ಬಂತು. ಬಾಟಲಿಯ ತಳದಷ್ಟು ದಪ್ಪ. ಬಾಗಿಲ ಚೌಕಟ್ಟು ಬಾಗಿ ಕಂಡಿತು. ನೀರಿನ ತಂಬಿಗೆಗೆಂದು ಚಾಚಿದ ಕೈ ಗಾಳಿಯನ್ನು ಹಿಡಿಯಿತು. ಪುರಾಣವನ್ನು ತರಿಸಿ, ಕೆರೆಯ ಅಧ್ಯಾಯವನ್ನು ತೆರೆದು, ಹಾಳೆಯನ್ನು ಹಿಂದೆ ಮುಂದೆ ಸರಿಸಿದೆ.

ಅಕ್ಷರಗಳು ನಿಂತವು.

ರಾಜ ಇದ್ದ, ಕೆರೆ ಇತ್ತು. ಗಂಗವ್ವನ ಸಾಲು ಅಚ್ಚಿನಲ್ಲಿ ಇರಲಿಲ್ಲ. ಗೆದ್ದೆನೆಂದು ತಲೆಯೆತ್ತುವಾಗ ಹಾಳೆಯ ಅಂಚಿನಲ್ಲಿ ಪೆನ್ಸಿಲಿನ ಬರಹ ಕಂಡಿತು: ಮಣ್ಣು ಹೊತ್ತವರ ಹೆಸರೆಲ್ಲಿ? ಅಕ್ಷರ ನನ್ನದೇ. ನವಿಲುತೀರ್ಥದ ಅಣೆಕಟ್ಟು ಇನ್ನೂ ಏಳುತ್ತಿದ್ದಾಗ, ಬುಟ್ಟಿ ಹೊತ್ತ ಹೆಂಗಸರ ಸಾಲನ್ನು ನೋಡಿ ಬಂದು ಬರೆದದ್ದು. ಆ ಶ್ರಾವಣದಲ್ಲಿ ಮಠದಲ್ಲಿ ಅದನ್ನೂ ಸೇರಿಸಿ ಓದಿರಬೇಕು. ನಾನು ಮರೆತಿದ್ದೆ. ನನ್ನ ಅನುಮಾನವನ್ನು ಅವಳು ಪುರಾಣವೆಂದೇ ತಿಳಿದು ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದಳು.

"ಸಾಲು ಪುರಾಣದ್ದಲ್ಲ. ನಂದು," ಎಂದೆ.

"ಹಂಗಾರ ಇಷ್ಟು ವರ್ಷ ನಮಗ ಸುಳ್ಳು ಪುರಾಣ ಹೇಳಿದ್ರೇನು?"

"ಮಾತು ಸುಳ್ಳಲ್ಲ."

"ಮತ್ತ? ನಾ ಐತಿ ಅಂದದ್ದು ಖರೇನ ಆತಲ್ಲ."

ಇನ್ನೊಂದು ಕಣ್ಣು ಇನ್ನೂ ಬಾಕಿ. ಅರ್ಧ ತಾಸು ಓದಿದರೆ ನೀರು ಬರುತ್ತದೆ. ಇಷ್ಟಾದರೂ ಉಳಿಸಿಕೊಟ್ಟ ಡಾಕ್ಟರಿಗೆ, ಉಸುಕಿನ ಚೀಲ ಸರಿಪಡಿಸಿದ ನರ್ಸಮ್ಮನಿಗೆ, ನಾನು ಹೆಸರನ್ನೂ ಕೇಳಿರದ ಆ ಟೆಂಟಿನವನಿಗೂ ಋಣಿಯಾಗಿದ್ದೇನೆ. ಈ ಶ್ರಾವಣದಲ್ಲಿ ಮತ್ತೆ ಮಠದಲ್ಲಿ ಕುಳಿತೆ. ಕೆರೆಯ ಭಾಗ ಬಂದಾಗ ಓದಿ ನಿಲ್ಲಿಸಿದೆ. ಅರ್ಥವನ್ನು ಬೇಕೆಂದೇ ಹೇಳಲಿಲ್ಲ.

ಹೆಣ್ಣುಮಕ್ಕಳ ಕಡೆಯಿಂದ ಗಂಗವ್ವನ ದನಿ ಬಂತು: "ಮಣ್ಣು ಹೊತ್ತವರ ಹೆಸರೆಲ್ಲಿ?"

ಬಸಲಿಂಗ ನನ್ನತ್ತ ತಿರುಗಿದ. "ಇದು ಪುಸ್ತಕದಾಗ ಐತೇನ್ರಿ ಕಾಕಾ?"

ಕನ್ನಡಕವನ್ನು ಸರಿಪಡಿಸಿಕೊಂಡು ಹಾಳೆಯ ಅಂಚನ್ನು ಮತ್ತೊಮ್ಮೆ ನೋಡಿದೆ.

"ಐತಿ," ಎಂದೆ.