ಯಾರ ಅಪ್ಪಣೆಯೂ ಇಲ್ಲದ ಡಂಗುರ

ಉರುಕುಂದಪ್ಪ ಮದ್ದಿಕೇರದ ಆಚೆಗಿನ ಒಂದು ಹಳ್ಳಿಯಲ್ಲಿ ಹಲಗೆ ಬಡಿಯುವವನು. ದನ ಕಳೆದದ್ದು, ಸಂತೆ ಮುಂದೆ ಹೋದದ್ದು, ಸಾವು, ಎಲ್ಲವನ್ನೂ ಊರಿನ ನಾಲ್ಕು ಕಡೆ ನಿಂತು ಕೂಗುವುದು ಅವನ ಮನೆತನದ ಕೆಲಸ. ಕೂಗಿನ ಕೊನೆಗೆ ‘ಹಿರಿಯರ ಅಪ್ಪಣೆ ಐತ್ರಪ್ಪೋ’ ಅನ್ನಬೇಕು. ಅಪ್ಪಣೆಯಿಲ್ಲದೆ ಹಲಗೆ ಮುಟ್ಟುವಂತಿರಲಿಲ್ಲ.

1978ರ ಬೇಸಿಗೆಯಲ್ಲಿ ಅವನ ಚಿಕ್ಕಪ್ಪನ ಮಗ ಯರ್ರೆಪ್ಪ ಸತ್ತ ಎತ್ತನ್ನು ಎಳೆದು ಹಾಕುವುದಿಲ್ಲ ಎಂದ. ಊರು ನಮ್ಮ ಜಾತಿಯವರ ತಲೆಗೆ ಕಟ್ಟಿದ ಹೊಲಸು ಅದು. ಹಿರಿಯರು ಬಹಿಷ್ಕಾರ ಹಾಕಿದರು. ಉಪ್ಪು ಕೊಡಬಾರದು, ಬೆಂಕಿ ಕೊಡಬಾರದು, ಕೂಲಿಗೆ ಕರೆಯಬಾರದು. ಕೂಗಿದವನು ಉರುಕುಂದಪ್ಪ. ಮೂರು ಕಡೆ ಕೂಗಿ, ನಾಲ್ಕನೆಯದನ್ನು ಯರ್ರೆಪ್ಪನ ಬಾಗಿಲ ಮುಂದೆಯೇ ಕೂಗಿದ. ಎಂಟನೆಯ ದಿನ ಯರ್ರೆಪ್ಪ ಹೆಂಡತಿ ಮೂಕಮ್ಮನನ್ನು ಕರೆದುಕೊಂಡು ಆದೋನಿಗೆ ಹೋದ. ಅಲ್ಲಿನ ಮಿಲ್ಲಿನಲ್ಲಿ ಹತ್ತಿ ಮೂಟೆ ಹೊತ್ತ. ಮೂರನೇ ವರ್ಷ ಜ್ವರ ಬಂದು ಸತ್ತ. ಮಣ್ಣಿಗೆ ಊರಿನಿಂದ ಒಬ್ಬನೂ ಹೋಗಲಿಲ್ಲ, ಉರುಕುಂದಪ್ಪನೂ ಹೋಗಲಿಲ್ಲ.

ಆದೋನಿಯ ನಮ್ಮ ದಲಿತ ಸಂಘದವರು ಆ ಬಹಿಷ್ಕಾರದ ವಿರುದ್ಧ ಅರ್ಜಿ ಬರೆದಾಗ ಹಿರಿಯರ ಹೆಸರುಗಳನ್ನಷ್ಟೇ ಬರೆದಿದ್ದೆವು. ಹಲಗೆಯವನೂ ನಮ್ಮವನೇ, ಹೇಳಿಸಿದ್ದನ್ನು ಕೂಗಿದ, ಬಿಡಿ ಎಂದೆವು. ಉರುಕುಂದಪ್ಪನೇ ಬಿಡಲಿಲ್ಲ. “ಮಾತು ಅವರದು, ಬಾಯಿ ನಂದಲ್ಲೇನ್ರಿ?” ಎಂದು ನನ್ನನ್ನೇ ಕೇಳಿದ್ದ. ಹೆಂಡತಿ ಸತ್ತಿದ್ದಳು, ಮಕ್ಕಳಿರಲಿಲ್ಲ. ಆ ಮಾತನ್ನು ಹೇಳಿಕೊಳ್ಳಲು ಅವನಿಗೆ ಮನೆಯಲ್ಲಿ ಗೋಡೆ ಬಿಟ್ಟು ಏನೂ ಇರಲಿಲ್ಲ.

1984ರಲ್ಲಿ ಆದೋನಿಯಿಂದ ಸೈಕಲ್ ತುಳಿದು ಬರುತ್ತಿದ್ದ ಪಾಸ್ಟರ್ ರತ್ನಂ ಅವರ ಪ್ರಾರ್ಥನೆಗೆ ಅವನು ಹೋಗತೊಡಗಿದ. ದೀಕ್ಷಾಸ್ನಾನ ಕೊಡಿ ಎಂದು ಕೇಳಿದ.

“ಪಶ್ಚಾತ್ತಾಪ ಪಡು ಬಾಬೂ. ಹಲಗಿ ಬಿಡು. ದೆವ್ವ ದೇವರಿಗೆಲ್ಲ ಬಡಿದದ್ದು ಅದು.”

“ಬಿಡ್ತೀನ್ರಿ ಅಯ್ಯಾ. ಅದಕ್ಕೂ ಮೊದಲು ಒಂದು ಕೂಗು ಕೂಗೋದೈತಿ.”

“ದೇವರ ಹತ್ತಿರ ಹೇಳು, ಸಾಕು. ಆತ ಕೇಳ್ತಾನ.”

“ದೇವ್ರಿಗೆ ಮೊದಲೇ ಗೊತ್ತೈತಲ್ರಿ. ನಾನು ಕೂಗಿದ್ದು ಊರಿಗೆ.”

ಮರುದಿನ ಬೆಳಿಗ್ಗೆ ಹಲಗೆಯನ್ನು ಬೆಂಕಿಗೆ ಕಾಯಿಸಿ, ಹೆಗಲಿಗೆ ಹಾಕಿಕೊಂಡು ಊರಕಟ್ಟೆಯ ಮುಂದೆ ನಿಂತ. “ಕೇಳ್ರಪ್ಪೋ ಕೇಳ್ರಿ! ಯರ್ರೆಪ್ಪಗ ಉಪ್ಪು ಕೊಡಬ್ಯಾಡ್ರಿ ಅಂತ ಕೂಗಿದಾಂವ ನಾನು. ಆ ಕೂಗು ಪಾಪದ ಕೂಗು. ಅದನ್ನ ಹಿಂದಕ್ಕ ತಗೊಂಡೀನ್ರಪ್ಪೋ!”

ಕಟ್ಟೆಯ ಮೇಲೆ ಕೂತವನೊಬ್ಬ ಬೀಡಿ ಆರಿಸಿ ಕೇಳಿದ, “ಯಾರ ಅಪ್ಪಣೆಲೇ ಇದು?”

“ಯಾರದೂ ಇಲ್ರಿ. ನಂದೇ.”

ಕಟ್ಟೆಗೆ ಕಟ್ಟೆಯೇ ನಕ್ಕಿತು. “ಉರುಕುಂದಪ್ಪ ರೆಡ್ಡಿಯವರ ಅಪ್ಪಣೆ ಐತ್ರಪ್ಪೋ!” ಎಂದು ಇನ್ನೊಬ್ಬ ಕೂಗಿದ. ಉರುಕುಂದಪ್ಪ ಅಲುಗಲಿಲ್ಲ. ಮೂರು ಕಡೆ ಮುಗಿಸಿದ. ನಾಲ್ಕನೆಯದು ಉಳಿದಿತ್ತು. ಅದು ಯರ್ರೆಪ್ಪನ ಬಾಗಿಲಿನದು. ಆ ಬಾಗಿಲು ಈಗ ಆದೋನಿಯಲ್ಲಿತ್ತು. ದೀಕ್ಷಾಸ್ನಾನಕ್ಕೆ ನೀರಿಗಿಳಿಯುವ ಮೊದಲು ಮೂಕಮ್ಮ ಒಂದು ಮಾತು ‘ಆತು’ ಅನ್ನಬೇಕು. ಅವನಿಗೆ ಬೇಕಿದ್ದದ್ದು ಅಷ್ಟೇ.

ಹಲಗೆಯೊಂದಿಗೇ ಬಸ್ಸು ಹತ್ತಿದ. ಜಿನ್ನಿಂಗ್ ಮಿಲ್ಲಿನ ಹಿಂದಿನ ಓಣಿಯಲ್ಲಿ ಅವಳ ಬಾಡಿಗೆ ಮನೆ ಹುಡುಕಿ, ಬಾಗಿಲ ಮುಂದೆ ನಿಂತು ಬಡಿದ. ಹೆಸರು, ಊರು, ತಪ್ಪು, ಒಂದನ್ನೂ ಬಿಡದೆ ಕೂಗಿದ. ಹೆಂಗಸರು ಬಾಗಿಲುಗಳಿಗೆ ಬಂದರು. ಮೂಕಮ್ಮ ಹೊರಗೆ ಬಂದಾಗ ಅವಳ ತಲೆಯಲ್ಲಿ ಇನ್ನೂ ಹತ್ತಿಯ ಎಳೆಗಳಿದ್ದವು.

“ನಿಲ್ಲಸ್ರಿ ಬಾವಾ.”

“ತಪ್ಪಾತವ್ವ. ನೀ ಒಂದು ಮಾತು...”

“ಅವತ್ತೂ ಬಾಗಿಲಿಗೆ ಬಂದು ಬಡದ್ರಿ, ಇವತ್ತೂ ಬಡದ್ರಿ. ಬ್ಯಾರೆ ಜಾತಿ ಹೇಳಿ ಈ ಮನಿ ಹಿಡದಿದ್ದೆ. ಹಲಗಿಯವರ ಸೊಸಿ ಅಂತ ಈಗ ಓಣಿಗೆಲ್ಲ ಗೊತ್ತಾತು.”

ಮನೆಯೊಡತಿ ಅಷ್ಟರಲ್ಲಿ ಮೂಕಮ್ಮನ ಕೊಡವನ್ನು ನಲ್ಲಿಯಿಂದ ತೆಗೆದು ಬೀದಿಗೆ ಇಟ್ಟಿದ್ದಳು. “ಸಾಯಂಕಾಲದೊಳಗ ಖಾಲಿ ಮಾಡು” ಎಂದಳು.

ಮೂಕಮ್ಮ ಅಳಲಿಲ್ಲ. ಕೊಡ ಎತ್ತಿಕೊಂಡಳು. “ನಿಮ್ಮ ದೇವರು ಮಾಫ್ ಮಾಡಿದ್ರ ಮಾಡ್ಲಿ. ನನ್ನಿಂದ ಆಗಂಗಿಲ್ಲ. ಇನ್ನ ಎಲ್ಲಿದ್ರೂ ನನ್ನ ಹುಡುಕ್ಕೊಂಡು ಬರಬ್ಯಾಡ್ರಿ.”

ಅವನು ನೇರ ಪಾಸ್ಟರ್ ಅವರ ಮನೆಗೆ ಹೋಗಿ ಹಲಗೆ ಇಳಿಸಿ, ಆದದ್ದನ್ನು ಹೇಳಿದ. “ಒಂದು ಪಾಪ ಇತ್ರಿ, ಎರಡಾತು. ಇಂಥಾವ್ನ ಹೆಂಗ ನೀರಿಗೆ ಇಳಸ್ತೀರಿ?”

ರತ್ನಂ ಹಲಗೆಯನ್ನು ಎತ್ತಿ ಗೋಡೆಗೆ ಒರಗಿಸಿದರು. “ತೊಳಕೊಂಡು ಬಂದವರಿಗೆ ಕೊಡೋ ಸ್ನಾನ ಅಲ್ಲ ಬಾಬೂ ಇದು. ದೇವರು ಕೊಡೋದನ್ನ ತಗೋ. ಆಕಿ ಕೊಡದೇ ಇದ್ದದ್ದನ್ನ ಕಿತ್ಕೋಬ್ಯಾಡ. ಅದನ್ನ ಹೊತ್ಕೊಂಡೇ ನಡಿ.”

ಮಾಧವರಂ ಹತ್ತಿರ ತುಂಗಭದ್ರೆಯಲ್ಲಿ, ಸೊಂಟದ ನೀರಿನಲ್ಲಿ, ಅವರು ಅವನನ್ನು ಮುಳುಗಿಸಿ ಎತ್ತಿದರು. ಅಂದು ನೀರಿಗಿಳಿದ ಉಳಿದವರಿಗೆ ದಡದಲ್ಲಿ ಒಣಬಟ್ಟೆ ಹಿಡಿದ ಮನೆಯವರಿದ್ದರು. ಇವನು ಒದ್ದೆ ಪಂಚೆಯನ್ನು ತಾನೇ ಹಿಂಡಿಕೊಂಡ.

ಊರು ಹಲಗೆಯ ಕೆಲಸವನ್ನು ಬೇರೆಯವನಿಗೆ ಕೊಟ್ಟಿತು. ಇವನನ್ನು ಯಾರೂ ಯಾವುದಕ್ಕೂ ಕರೆಯಲಿಲ್ಲ. ಭಾನುವಾರ ಆದೋನಿಯ ಚರ್ಚಿಗೆ ಹೋಗಿ ಹಿಂದಿನ ಚಾಪೆಯಲ್ಲಿ ಕೂತು, ಯಾರೊಡನೆಯೂ ಮಾತಾಡದೆ ಎದ್ದು ಬರುತ್ತಿದ್ದ.

ಮೂಕಮ್ಮನಿಗೆ ನಮ್ಮ ಸಂಘದವರು ಆದೋನಿಯ ಅಂಚಿನ ನಮ್ಮ ಕೇರಿಯಲ್ಲೇ ಗುಡಿಸಲು ಮಾಡಿಕೊಟ್ಟೆವು. ಅದು ಅವನಿಗೆ ಗೊತ್ತಾಗಿ ಒಮ್ಮೆ ನನ್ನನ್ನು ಕೇಳಿದ, “ಅಲ್ಲಿ ಆಕಿಗೆ ನೀರು ಸಿಗತಾವೇನ್ರಿ?”

ಸಿಗುತ್ತದೆ ಎಂದೆ. ಅವನ ಚರ್ಚಿನಿಂದ ಆ ಗುಡಿಸಲಿಗೆ ಒಂದು ಬೀಡಿ ಸೇದಿ ಮುಗಿಸುವಷ್ಟು ದೂರ. ಐದು ವರ್ಷ ಕಳೆದರೂ ಅವನು ಆ ಕಡೆ ಹೆಜ್ಜೆ ಹಾಕಲಿಲ್ಲ. ಅವಳು ಅವನಿಂದ ಕೇಳಿದ್ದು ಅದೊಂದೇ.