ಯಾರನ್ನೂ ಕೇಳದೆ ಕಿತ್ತ ಪಲ್ಯ

ರಾಯಚೂರಿನ ಹತ್ತಿ ಮಾರುಕಟ್ಟೆಯ ಬಳಿ ನನ್ನದೊಂದು ಖಾನಾವಳಿ ಇದೆ. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಸಿಕ್ಕ ದಿನ ಹಸಿ ಹಕ್ಕರಕಿ. ಬಿತ್ತನೆಯ ಹೊತ್ತಿಗೆ ಬೀಜ ಮಾರುವ ಏಜೆಂಟರು ಇಲ್ಲಿಗೇ ಊಟಕ್ಕೆ ಬರುತ್ತಾರೆ. ಬಡ ದೇಶಗಳ ಹಸಿವನ್ನೆಲ್ಲ ತಮ್ಮ ಚೀಲದಲ್ಲಿರುವ ಪ್ಯಾಕೆಟ್ಟುಗಳೇ ನೀಗಿಸುತ್ತವೆ ಎಂಬಂತೆ ಮಾತಾಡುತ್ತಾರೆ. ಮಾರುವುದು ಹತ್ತಿ ಬೀಜ. ಹತ್ತಿಯನ್ನು ಯಾರು ಉಂಡಾರು ಎಂದು ಕೇಳಬೇಕೆನಿಸುತ್ತದೆ. ಅಷ್ಟರಲ್ಲಿ ಒಬ್ಬ, "ಅಕ್ಕಾರ, ಇನ್ನೊಂದೀಟು ಹಕ್ಕರಕಿ ಹಾಕ್ರಿ" ಎನ್ನುತ್ತಾನೆ. ಆ ಹಕ್ಕರಕಿ ಯಾರೂ ಬಿತ್ತದೆ ಹೊಲದಲ್ಲಿ ತಾನಾಗಿ ಹುಟ್ಟುವ ಕಳೆ. ಅದನ್ನು ಬೇರುಸಹಿತ ಸುಡುವ ಕಳೆನಾಶಕದ ಎಣ್ಣೆಯನ್ನೂ ಕದ್ದುಮುಚ್ಚಿ ಮಾರುವವನು ಅವನೇ. ಗಿರಾಕಿ ಎಂದು ಬಾಯಿ ಮುಚ್ಚಿಕೊಳ್ಳುತ್ತೇನೆ, ಆದರೆ ಬಡಿಸುವ ಕೈ ಚಿಕ್ಕದಾಗುತ್ತದೆ.

ನಾನು ಹುಟ್ಟಿದ್ದು ಮಾನ್ವಿ ಕಡೆಯ ಹಳ್ಳಿಯಲ್ಲಿ. ಅವ್ವನ ತಂಗಿ, ಅಂದರೆ ನನ್ನ ಚಿಗವ್ವನನ್ನು ದೇವದುರ್ಗ ತಾಲ್ಲೂಕಿಗೆ ಕೊಟ್ಟರು. ಗಬ್ಬೂರಿನಲ್ಲಿ ಬಸ್ಸಿಳಿದು ಟಂಟಂ ಆಟೋ ಹತ್ತಿ ಹೋಗಬೇಕಾದ ಊರು. ಚಿಗವ್ವ ಕಳೆ ತೆಗೆಯುವ ಕೂಲಿಗೆ ಹೋಗುತ್ತಾಳೆ. ನಮ್ಮ ಸೀಮೆಯಲ್ಲಿ ಕಳೆ ತೆಗೆಯುವ ಹೆಂಗಸರು ತಿನ್ನುವ ಸೊಪ್ಪನ್ನು, ನಮ್ಮ ಮಾತಿನ ಪಲ್ಯವನ್ನು, ಬೇರೆ ಮಾಡಿ ಸೀರೆಯ ಉಡಿಗೆ ಹಾಕಿಕೊಂಡು ಮನೆಗೆ ತರುತ್ತಾರೆ. ಕೂಲಿ ಇಲ್ಲದ ದಿನವೂ ಯಾರ ಹೊಲಕ್ಕಾದರೂ ಇಳಿದು ಕಿತ್ತುಕೊಳ್ಳಬಹುದು. ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಹೊಲದವನಿಗೇ ಅವಮಾನ, ನನ್ನನ್ನು ಅಷ್ಟು ಜಿಪುಣ ಅಂದುಕೊಂಡೆಯಾ ಎಂದು ಮುನಿಸಿಕೊಳ್ಳುತ್ತಾನೆ. ರೇಷನ್ ಅಕ್ಕಿ ಹೊಟ್ಟೆ ತುಂಬಿಸುತ್ತದೆ, ನಿಜ. ಆದರೆ ಆ ಅನ್ನದ ಮೇಲೆ ಒಂದಿಷ್ಟು ಹಸಿರು ಬೀಳುವುದು ಈ ಉಡಿಯಿಂದ.

ಹೊಸ ಬೀಜವೆಂದರೆ ಮೂಗು ಮುರಿಯುವವಳಲ್ಲ ನಾನು. ನನ್ನ ಅಪ್ಪ ಕಾಯಿಕೊರಕ ಹುಳಕ್ಕೆ ಪಂಪು ಬೆನ್ನಿಗೇರಿಸಿಕೊಂಡು ಎಣ್ಣೆ ಹೊಡೆದು, ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದುದನ್ನು ಕಂಡಿದ್ದೇನೆ. ಬೆಳೆಗೆ ಹೊಡೆಯುವ ವಿಷಕ್ಕೆ ನಮ್ಮಲ್ಲಿ ಎಣ್ಣೆ ಎಂದೇ ಹೆಸರು, ತಲೆಗೆ ಹಚ್ಚಿಕೊಳ್ಳುವ ಸಾಮಾನಿನ ಹಾಗೆ! ಹುಳ ತಾಳುವ ಬೀಜ ಬಂದ ಮೇಲೆ ಕೆಲವು ವರ್ಷ ಆ ಪಂಪು ಮೂಲೆ ಸೇರಿತು. ಅಪ್ಪ ಸುಖವಾಗಿ ಉಸಿರಾಡಿದ. ಆಮೇಲೆ ಹುಳ ಆ ಬೀಜಕ್ಕೂ ಪಳಗಿತು, ಪಂಪು ಮತ್ತೆ ಬೆನ್ನೇರಿತು. ಈಗ ಬಂದಿರುವುದು ಇನ್ನೊಂದು ಬೀಜ. ಕಳೆನಾಶಕ ಹೊಡೆದರೆ ಹತ್ತಿ ಗಿಡ ಮಾತ್ರ ಉಳಿದು ಸುತ್ತಲಿನದೆಲ್ಲ ಸಾಯುತ್ತದೆ. ಸರ್ಕಾರ ಇದಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಆದರೂ ಬಿಲ್ಲಿಲ್ಲದೆ, ಪಿಸುಮಾತಿನಲ್ಲಿ, ಬೇಕಾದವರಿಗೆ ಬೇಕಾದಷ್ಟು ಸಿಗುತ್ತದೆ.

ಹೋದ ವರ್ಷ ಚಿಗವ್ವನ ಊರಿನ ಗೌಡರು ತಮ್ಮ ಹತ್ತಿ ಹೊಲದ ಕಳೆ ತೆಗೆಯಲು ಯಾರನ್ನೂ ಕರೆಯಲಿಲ್ಲ. ಚಿಗವ್ವ ಆ ದಾರಿಯಲ್ಲಿ ಬರುವಾಗ ಸಾಲುಗಳ ನಡುವೆ ಹಕ್ಕರಕಿ, ಗೋಳಿ ಸೊಪ್ಪು ಹಚ್ಚಗೆ ನಿಂತಿದ್ದವು. ಪಾಪ, ಗೌಡರಿಗೆ ಆಳು ಸಿಕ್ಕಿಲ್ಲ ಎಂದುಕೊಂಡಳು. ಮನೆಯಲ್ಲಿ ಸೊಸೆ ಏಳು ತಿಂಗಳ ಬಸುರಿ; ರೊಟ್ಟಿಯ ಜೊತೆ ಹಸಿ ಪಲ್ಯ ತಿನ್ನಬೇಕೆಂದು ಬಯಸಿದ್ದಳು. ಚಿಗವ್ವ ಹೊಲಕ್ಕಿಳಿದು ಉಡಿ ತುಂಬ ಕಿತ್ತಳು. ಆ ಕಳೆನಾಶಕ ಎಣ್ಣೆಯ ನೀಚತನ ಇರುವುದೇ ಇಲ್ಲಿ: ಹೊಡೆದ ಕೂಡಲೇ ಗಿಡ ಬಾಡುವುದಿಲ್ಲ. ಕೆಲವು ದಿನ ಏನೂ ಆಗದಂತೆ ಹಸಿರಾಗಿ ನಿಂತಿದ್ದು, ಆಮೇಲೆ ಹಳದಿಗೆ ತಿರುಗುತ್ತದೆ.

ಸಂಜೆಯ ಹೊತ್ತಿಗೆ ಸೊಸೆಗೆ ಗಂಟಲುರಿ, ವಾಂತಿ. ಚಿಗವ್ವನ ಮಗ ಬಾಡಿಗೆ ಕಾರು ಮಾಡಿಕೊಂಡು ರಾಯಚೂರಿಗೆ ಕರೆತಂದ. ನಾನು ಖಾನಾವಳಿ ಮುಚ್ಚಿ ಆಸ್ಪತ್ರೆಗೆ ಓಡಿದೆ. ಡಾಕ್ಟರಮ್ಮ ಡ್ರಿಪ್ ಹಾಕಿ, ಏನು ತಿಂದಳು ಎಂದು ಕೇಳಿದರು. ಚಿಗವ್ವ ಎಲ್ಲ ಹೇಳಿದಳು. "ಆ ಹೊಲಕ್ಕೆ ಏನು ಹೊಡೆದಿದ್ದಾರೆ ಕೇಳಿ ಬನ್ನಿ. ಹೆಸರು ಗೊತ್ತಾದರೆ ನಮಗೆ ದಾರಿ ಸಲೀಸು. ಮಗುವಿನ ಬಗ್ಗೆ ಈಗಲೇ ಏನೂ ಹೇಳಲಾರೆ" ಎಂದರು. ಗೌಡರು ಫೋನ್ ಎತ್ತಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ನಾನೂ ಚಿಗವ್ವನೂ ಊರಿಗೆ ಹೊರಟೆವು.

ಗೌಡರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. "ಬರ್ರಿ ಬರ್ರಿ" ಎಂದು ಚಹಾ ತರಿಸಿದರು.

"ಗೌಡ್ರ, ಹತ್ತಿ ಹೊಲಕ್ಕ ಯಾವ ಎಣ್ಣಿ ಹೊಡಸೀರಿ? ಹೆಸರೊಂದು ಹೇಳ್ರಿ, ಡಾಕ್ಟರು ಕೇಳಾಕತ್ತಾರ" ಎಂದೆ.

"ಎಣ್ಣಿ? ನಾವು ಯಾವ ಎಣ್ಣಿನೂ ಹೊಡಸಿಲ್ಲವ್ವ. ತಂಗಳ ಉಂಡಿರಬೇಕು ಆಕಿ. ಬಸುರಾಗ ವಾಂತಿ ಆಗೂದು ಹೊಸಾದೇನು?"

ಅವರು ಸುಳ್ಳು ಹೇಳುತ್ತಿದ್ದುದೇಕೆ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಬೇರೆ ಹತ್ತಿಗೆ ಆ ಎಣ್ಣೆ ಹೊಡೆದರೆ ಹತ್ತಿಯೂ ಸಾಯುತ್ತದೆ. ಎಣ್ಣೆಯನ್ನು ಒಪ್ಪಿಕೊಂಡರೆ ಕಳ್ಳಬೀಜವನ್ನೂ ಒಪ್ಪಿಕೊಂಡಂತೆ. ಒಂದು ಪ್ಯಾಕೆಟ್ಟಿನ ಗುಟ್ಟಿಗಾಗಿ ಎರಡು ಜೀವದ ಹೆಣ್ಣು ಆಸ್ಪತ್ರೆಯಲ್ಲಿ ಬಿದ್ದಿದ್ದರೂ ಈ ಮನುಷ್ಯ ಚಹಾ ಕುಡಿಯಿರೆಂದು ಒತ್ತಾಯ ಮಾಡುತ್ತಿದ್ದ.

ಅಷ್ಟರಲ್ಲಿ ಅವರ ಆಳು ಹಸಿ ಹುಲ್ಲಿನ ಹೊರೆ ಹೊತ್ತು ಅಂಗಳಕ್ಕೆ ಬಂದ. ಗೌಡರು ಕಟ್ಟೆಯಿಂದ ಧಡಕ್ಕನೆ ಎದ್ದರು.

"ಎಲ್ಲೀದಲೇ ಆ ಹುಲ್ಲು? ಹತ್ತಿ ಹೊಲದ್ದಾದ್ರ ಹೊರಗ ಒಗಿ! ಎಮ್ಮಿ ಗಬ್ಬ ಅದ, ಗೊತ್ತಿಲ್ಲೇನ್ ನಿನಗ?"

ಹೇಳಿದ ಮೇಲೆ ತಾವೇನು ಹೇಳಿದೆವು ಎಂದು ಅವರಿಗೆ ತಿಳಿಯಿತು. ಆಳು ಹೊರೆಯನ್ನು ತಲೆಯ ಮೇಲೆ ಇಟ್ಟುಕೊಂಡೇ ನಿಂತ. ಚಿಗವ್ವ ಮೆಲ್ಲಗೆ ಅಂದಳು: "ಯಪ್ಪಾ, ನನ್ನ ಸೊಸಿನೂ ಬಸುರಿ ಅದಾಳ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳ ಪಾಲಿನದನ್ನೂ ಸೇರಿಸಿ ನಾನೇ ಸಿಟ್ಟಾದೆ.

"ಎಣ್ಣಿ ಡಬ್ಬಿ ತರ್ರಿ" ಎಂದೆ. ಒಳಗೆ ಹೋಗಿ ತಂದುಕೊಟ್ಟರು. ಕೊಡುವಾಗಲೂ "ನನ್ನ ಹೆಸರು ಎಲ್ಲೂ ಬರಬಾರದು, ನೋಡ್ರಿ" ಎಂದರು. ಡಬ್ಬಿಯ ಫೋಟೋ ತೆಗೆದು ಡಾಕ್ಟರಮ್ಮನಿಗೆ ಕಳಿಸಿ, ಚಹಾ ಮುಟ್ಟದೆ, ಆ ಅಂಗಳದಲ್ಲೇ ಥೂ ಎಂದು ಉಗುಳಿದೆ. ಚಿಗವ್ವ ಗಾಬರಿಯಾಗಿ ನನ್ನ ರಟ್ಟೆ ಹಿಡಿದು ಎಳೆದಳು. ನಾನು ರಾಯಚೂರಿಗೆ ಹೋಗುವವಳು. ಅವಳು ನಾಳೆ ಕೂಲಿ ಕೇಳಿಕೊಂಡು ಅದೇ ಅಂಗಳಕ್ಕೆ ಬರಬೇಕಾದವಳು.

ಸೊಸೆ ಚೇತರಿಸಿಕೊಂಡಳು. ಹೆಣ್ಣು ಕೂಸು ಹುಟ್ಟಿತು, ಚೆನ್ನಾಗಿದೆ. "ಏನೂ ಆಗಲಿಲ್ಲಲ್ಲ, ಸುಮ್ನ ರಂಪ ಮಾಡಿದ್ರು" ಎಂದು ಗೌಡರು ಊರೆಲ್ಲ ಹೇಳಿಕೊಂಡು ತಿರುಗಿದರು. ಈ ವರ್ಷ ಇನ್ನೂ ಕೆಲವರು ಅದೇ ಬೀಜ ಹಾಕಿದ್ದಾರಂತೆ. ಯಾರ ಹೊಲಕ್ಕೆ ಯಾವಾಗ ಹೊಡೆದರು ಎಂದು ಯಾರೂ ಹೇಳುವುದಿಲ್ಲ, ಕೇಳಿದರೆ ಗೌಡರಂತೆಯೇ ಹೊಡೆದೇ ಇಲ್ಲ ಎನ್ನುತ್ತಾರೆ.

ಪಲ್ಯ ಕೀಳುವುದನ್ನು ಬಿಟ್ಟೆಯಾ ಎಂದು ಮೊನ್ನೆ ಚಿಗವ್ವನನ್ನು ಕೇಳಿದೆ. ಬಿಟ್ಟಿಲ್ಲ, ಬಿಟ್ಟರೆ ರೊಟ್ಟಿಗೇನು? ಮೊದಲು ಬದುವಿನ ಮೇಲೆ ನಿಂತು ಕಾಯುತ್ತಾಳಂತೆ. ಹೊಲದವರು ತಮ್ಮ ಎಮ್ಮೆಗೆ ಆ ಹೊಲದ ಹುಲ್ಲನ್ನು ಕೊಯ್ದು ಒಯ್ದರೆ ಮಾತ್ರ ಇಳಿದು ಬಗ್ಗುತ್ತಾಳಂತೆ.